ಗಾಜಿನ ಮೇಲೆ ಗುರುತು ಉಳಿದಿಲ್ಲ

ಮೂಡಲಪಾಳ್ಯ, ಬೆಂಗಳೂರು
10 ಜೂನ್ 2025

ಗ್ರಾಹಕ ದೂರು ವಿಭಾಗ,
ನಿಶ್ಚಿಂತ ವಾಹನ ವಿಮಾ ಕಂಪನಿ,
ಹುಬ್ಬಳ್ಳಿ

ಮಾನ್ಯರೇ,

ನಿಮ್ಮ ಕಂಪನಿ ಒಪ್ಪಿಕೊಂಡ ಗಾಜಿನ ಅಂಗಡಿಗಳ ಪಟ್ಟಿಯಿಂದ ನನ್ನ ಅಂಗಡಿಯ ಹೆಸರನ್ನು ನಿನ್ನೆ, ಸೋಮವಾರ, ತೆಗೆದುಹಾಕಲಾಗಿದೆ. ಇದನ್ನು ನನಗೆ ತಿಳಿಸಿದ್ದು ನಿಮ್ಮ ಕಂಪನಿಯಲ್ಲ, ಅತ್ತಿಗುಪ್ಪೆಯ ನಿವೃತ್ತ ಮೇಷ್ಟರು ರಾಮಯ್ಯ. ಅವರು ಕಾರಿನ ಮುಂದಿನ ಗಾಜಿಗೆ ಕಲ್ಲು ಬಿದ್ದಿದೆ ಎಂದು ನನ್ನ ಅಂಗಡಿಗೆ ಬಂದರು. ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ನಿಮ್ಮ ಪಟ್ಟಿ ನೋಡಿಕೊಂಡು, "ಶಿವಯೋಗಿ, ನಿನ್ನ ಅಂಗಡಿ ಮುಂದೇನೇ ನಿಂತಿದೀನಿ ಕಣಯ್ಯ. ಹತ್ತಿರದ ಅಂಗಡಿ ಕೆಂಗೇರಿಲಿದೆ ಅನ್ನುತ್ತೆ ಇದು. ನೀನು ಇದೀಯೋ ಇಲ್ವೋ?" ಎಂದು ಕೇಳಿದರು. ಇದ್ದೇನೆ ಎಂದೆ. ಅವರು ಕೆಂಗೇರಿಗೆ ಹೋದರು.

ನನ್ನ ಪರಿಚಯ ಇಷ್ಟು. ಊರು ನವಲಗುಂದ ತಾಲ್ಲೂಕು. ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಕಲ್ಲು ಬಿದ್ದು ಚಿಪ್ಪು ಹಾರಿದ ಕಾರಿನ ಗಾಜನ್ನು ಬದಲಿಸದೆ ಸರಿ ಮಾಡುವುದು ನನ್ನ ಕೆಲಸ. ಒಡೆದ ಸಂದಿಯೊಳಗಿನ ಗಾಳಿಯನ್ನು ಹೀರಿ ತೆಗೆದು, ರೆಸಿನ್ ಎಂಬ ಅಂಟು ದ್ರವ ತುಂಬಿಸಿ, ದೀಪದ ಬೆಳಕಿನಲ್ಲಿ ಗಟ್ಟಿ ಮಾಡಿ ಉಜ್ಜುತ್ತೇನೆ. ನಲವತ್ತು ನಿಮಿಷದ ಕೆಲಸ. ಒಂಬತ್ತು ವರ್ಷದಿಂದ ನಿಮ್ಮ ಪಟ್ಟಿಯಲ್ಲಿದ್ದೆ. ಒಂದು ಕಂಪನಿ ಹೆಸರು ತೆಗೆದರೆ ಮಿಕ್ಕ ಕಂಪನಿಗಳೂ ಅದನ್ನು ನೋಡಿ ತೆಗೆಯುತ್ತವೆ. ಹಾಗಾದರೆ ಅಂಗಡಿ ಮುಚ್ಚಬೇಕು. ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯವಿಲ್ಲ ಎಂದುಕೊಳ್ಳುತ್ತೇನೆ.

ನಿಮ್ಮ ಸಹಾಯವಾಣಿಗೆ ಏಳು ಸಲ ಕರೆ ಮಾಡಿದೆ. ಆರು ಸಲ ಯಂತ್ರ ಮಾತನಾಡಿತು. ಏಳನೇ ಸಲ ಒಬ್ಬ ಮನುಷ್ಯ ಸಿಕ್ಕಿ, "ಬರವಣಿಗೆಯಲ್ಲಿ ಕೊಡಿ ಸಾರ್, ಕನ್ನಡದ ಪತ್ರ ಆದ್ರೆ ಹುಬ್ಬಳ್ಳಿಗೆ ಹಾಕಿ" ಎಂದ. ಹಾಕಿದ್ದೇನೆ. ಕಾರಣ ತಿಳಿಸಬೇಕು.

ಇತಿ,
ಶಿವಯೋಗಿ
ಶಿವಯೋಗಿ ಗ್ಲಾಸ್ ವರ್ಕ್ಸ್


ಹುಬ್ಬಳ್ಳಿ
19 ಜೂನ್ 2025

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ತಮ್ಮ ಅಂಗಡಿಯನ್ನು ಪಟ್ಟಿಯಿಂದ ತೆಗೆದಿರುವುದು ನಿಜ. ಕಳೆದ ಎಂಟು ತಿಂಗಳಲ್ಲಿ ತಾವು ಕಳುಹಿಸಿದ 23 ಕ್ಲೇಮ್‌ಗಳ ಪೈಕಿ 19ರಲ್ಲಿ "ಹಾನಿ ದೃಢಪಟ್ಟಿಲ್ಲ" ಎಂದು ನಮ್ಮ ಕಂಪ್ಯೂಟರ್ ವರದಿ ಮಾಡಿದೆ. ನಿಯಮದಂತೆ ದುರಸ್ತಿಗೆ ಮೊದಲಿನ ಚಿತ್ರದಲ್ಲಿ ಕಂಡ ಹಾನಿಯ ಜಾಗವನ್ನು ದುರಸ್ತಿಯ ನಂತರದ ಚಿತ್ರದಲ್ಲಿಯೂ ಗುರುತಿಸುವಂತಿರಬೇಕು. ತಮ್ಮ ಎರಡನೇ ಚಿತ್ರಗಳಲ್ಲಿ ಯಾವ ಗುರುತೂ ಇಲ್ಲ. ಆದ್ದರಿಂದ ಅವು ಬೇರೆ ಕಾರುಗಳ ಚಿತ್ರಗಳಾಗಿರಬಹುದು ಎಂಬ ಅನುಮಾನವಿದೆ.

ಕ್ಷೇತ್ರ ಸರ್ವೇಯರ್ ಚನ್ನವೀರೇಶ್ ಅವರು ಮೇ ತಿಂಗಳಲ್ಲಿ ನಾಲ್ಕು ಕಾರುಗಳನ್ನು ಖುದ್ದಾಗಿ ಪರಿಶೀಲಿಸಿ, "ಗಾಜು ಒಡೆದಿದ್ದ ಲಕ್ಷಣ ಕಾಣಲಿಲ್ಲ" ಎಂದು ವರದಿ ಸಲ್ಲಿಸಿದ್ದಾರೆ.

ಇಡೀ ಗಾಜನ್ನೇ ಬದಲಿಸುವ ಅಂಗಡಿಗಳ ವಿಷಯದಲ್ಲಿ ಈ ತೊಡಕು ಬಂದಿಲ್ಲ. ಅವರು ಹಳೇ ಗಾಜನ್ನು ಒಪ್ಪಿಸುತ್ತಾರೆ. ತಾವೂ ಆ ಕ್ರಮವನ್ನು ಪರಿಗಣಿಸಬಹುದು.

ತಮ್ಮ ವಿಶ್ವಾಸಿ,
ಕನ್ನಡ ಪತ್ರ ವಿಭಾಗ


ಮೂಡಲಪಾಳ್ಯ
23 ಜೂನ್ 2025

ಮಾನ್ಯರೇ,

ನನ್ನ ಮೇಲಿನ ಆರೋಪ, ಒಡೆದ ಗಾಜು ಒಡೆದಂತೆ ಕಾಣುತ್ತಿಲ್ಲ ಎಂಬುದು. ಇದನ್ನು ತಿಳಿಸಿದ್ದು ನಿಮ್ಮ 19ನೇ ತಾರೀಖಿನ ಪತ್ರ. ನಾನು ಅದನ್ನು ಎರಡು ಸಲ ಓದಿದೆ. ನನ್ನ ಹೆಂಡತಿ ದಾನಮ್ಮನಿಗೂ ಓದಿ ಹೇಳಿದೆ. ಅಂಗಡಿಯ ಫೋಟೋಗಳನ್ನೆಲ್ಲ ತೆಗೆಯುವವಳು ಅವಳೇ. ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಒಡದಿದ್ದು ಕಾಣಬೇಕಂದ್ರ ಅವ್ರು ನಿಮ್ಮ ಹಂತೇಕ ಯಾಕ ಬರ್ತಾರ್ರೀ? ಹಂಗ ಬಿಟ್ರ ತಾನ ಕಾಣತೈತಿ."

ಗಾಜು ಬದಲಿಸಿದರೆ ಕಂಪನಿಗೆ ಆಗುವ ಖರ್ಚು ನನ್ನ ಕೆಲಸದ ಹತ್ತು ಪಟ್ಟು. ಕಂಪನಿಗೆ ಉಳಿತಾಯ ಮಾಡಿಕೊಟ್ಟವನ ಮೇಲೆ ಅನುಮಾನ, ಖರ್ಚು ಮಾಡಿಸಿದವನ ಮೇಲೆ ವಿಶ್ವಾಸ. ಇದನ್ನು ನಾನು ವ್ಯಂಗ್ಯವಾಗಿ ಬರೆಯುತ್ತಿಲ್ಲ, ನಿಮ್ಮ ಪತ್ರದ ಸಾರಾಂಶ ಮಾಡುತ್ತಿದ್ದೇನೆ.

ಆದರೂ ಸಹಕರಿಸುವ ಉದ್ದೇಶದಿಂದ ದಾನಮ್ಮ ಒಂದು ದಾರಿ ಹುಡುಕಿದ್ದಾಳೆ. ಕಲ್ಲು ಬಿದ್ದ ಜಾಗದ ಪಕ್ಕದಲ್ಲೇ ಅವಳ ಹಣೆಗಿಡುವ ಸ್ಟಿಕ್ಕರ್ ಒಂದನ್ನು ಅಂಟಿಸಿ ಮೊದಲ ಫೋಟೋ ತೆಗೆದಿದ್ದಾಳೆ. ಸ್ಟಿಕ್ಕರ್ ತೆಗೆಯದೆ ನಾನು ಕೆಲಸ ಮುಗಿಸಿದ ಮೇಲೆ ಎರಡನೇದು ತೆಗೆದಿದ್ದಾಳೆ. ಹೀಗಾದರೆ ಜಾಗ ಗೊತ್ತಾಗುತ್ತದೆ, ಕಾರೂ ಅದೇ ಎಂದು ತಿಳಿಯುತ್ತದೆ. ಮೂರು ಕಾರಿನ ಚಿತ್ರಗಳನ್ನು ನಿಮ್ಮ ಕಂಪ್ಯೂಟರಿಗೆ ಕಳುಹಿಸಿದ್ದೇವೆ.

ಪತ್ರ ಬರೆಯುವವರ ಹೆಸರು ತಿಳಿಸಿದರೆ ಒಳ್ಳೆಯದು. ವಿಭಾಗಕ್ಕೆ ಪತ್ರ ಬರೆಯುವುದು ಗೋಡೆಗೆ ಬರೆದಂತೆ ಆಗುತ್ತಿದೆ.

ಇತಿ,
ಶಿವಯೋಗಿ


ಹುಬ್ಬಳ್ಳಿ
2 ಜುಲೈ 2025

ಶಿವಯೋಗಿ ಅವರಿಗೆ,

ನಿಮ್ಮ ಮೂರು ಕಾರುಗಳ ಚಿತ್ರಗಳ ಫಲಿತಾಂಶ ಬಂದಿದೆ. ಕಂಪ್ಯೂಟರ್ ಆ ಸ್ಟಿಕ್ಕರನ್ನೇ ಹಾನಿ ಎಂದು ತಿಳಿದಿದೆ. ದುರಸ್ತಿಯ ನಂತರವೂ ಅದು ಅದೇ ಜಾಗದಲ್ಲಿ ಇರುವುದರಿಂದ ಮೂರೂ ಕ್ಲೇಮ್‌ಗಳಿಗೆ "ದುರಸ್ತಿ ಅಪೂರ್ಣ, ಕೆಲಸ ಕಳಪೆ" ಎಂಬ ಷರಾ ಬಿದ್ದಿದೆ. ಇದುವರೆಗೆ ನಿಮ್ಮ ಕಡತದಲ್ಲಿ ಅನುಮಾನ ಮಾತ್ರ ಇತ್ತು. ಈಗ ಕಳಪೆಯೂ ಸೇರಿದೆ. ದಯವಿಟ್ಟು ಇನ್ನು ಮುಂದೆ ಸ್ಟಿಕ್ಕರ್ ಬಳಸಬೇಡಿ.

ಮರುಪರಿಶೀಲನೆಗೆ ಅವಕಾಶವಿದೆ. ಅದಕ್ಕೆ ನಿಮ್ಮದಲ್ಲದ, ಕಂಪ್ಯೂಟರಿನದೂ ಅಲ್ಲದ ಸ್ವತಂತ್ರ ಪುರಾವೆ ಬೇಕು. ಅದು ಏನಿರಬಹುದು ಎಂದು ನಿಯಮದಲ್ಲಿ ಹೇಳಿಲ್ಲ. ಕೇಳಿದರೆ ಯಾರಿಗೂ ಗೊತ್ತಿಲ್ಲ. ಇಡೀ ವಿಭಾಗದಲ್ಲಿ ನಾನೊಬ್ಬಳೇ ಇರುವುದರಿಂದ ಕೇಳುವುದು ಬೇಗ ಮುಗಿಯಿತು.

ನನ್ನ ಹೆಸರು ಅನು.

ಇತಿ,
ಅನು
ಕನ್ನಡ ಪತ್ರ ವಿಭಾಗ


ಮೂಡಲಪಾಳ್ಯ
6 ಜುಲೈ 2025

ಅನು ಮೇಡಂ ಅವರಿಗೆ,

ನಾನು ಮಾಡಿದ ದುರಸ್ತಿಗೆ ಗುರುತು ಇದೆ. ಇದನ್ನು ಹೇಳುತ್ತಿರುವವನು ನಾನೇ. ಬೆಳಿಗ್ಗೆ ಎಂಟರ ಓರೆ ಬಿಸಿಲಿನಲ್ಲಿ, ಕಾರಿನೊಳಗೆ ಕುಳಿತು, ತಲೆಯನ್ನು ಸ್ವಲ್ಪ ಎಡಕ್ಕೆ ಬಾಗಿಸಿ ನೋಡಿದರೆ ಮೀನಿನ ಪೊರೆಯ ಒಂದು ಚೂರಿನಷ್ಟು ಹೊಳಪು ಕಾಣುತ್ತದೆ. ಜಾಗ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ನಿಮ್ಮ ಚನ್ನವೀರೇಶ್ ಸಾಹೇಬರು ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಕಪ್ಪು ಕನ್ನಡಕ ತೆಗೆಯಲಿಲ್ಲ. ಕಾರಿನ ಹೊರಗೇ ನಿಂತು, "ಎಲ್ರೀ ಡ್ಯಾಮೇಜು?" ಎಂದರು. "ಇಲ್ಲ ಸಾರ್, ಸರಿ ಮಾಡಿದೀನಿ" ಎಂದೆ. "ಇಲ್ಲ ಅಂತ ನೀವೇ ಒಪ್ಕೊಂಡ್ರಲ್ಲ" ಎಂದು ಬರೆದುಕೊಂಡು ಹೋದರು.

ಆದ್ದರಿಂದ ನನ್ನ ವಿನಂತಿ ಒಂದೇ. ಬೆಳಿಗ್ಗೆ ಎಂಟಕ್ಕೆ, ಕನ್ನಡಕವಿಲ್ಲದ ಒಬ್ಬರನ್ನು ಕಳುಹಿಸಿ.

ಹುಬ್ಬಳ್ಳಿಯವರು ಎಂದು ತಿಳಿದು ಸಂತೋಷವಾಯಿತು. ನಮ್ಮ ಕಡೆಯವರಿಗೆ ನೇರ ಮಾತಿನ ಬೆಲೆ ಗೊತ್ತು. ಇಲ್ಲಿಯ ಜನ ಹತ್ತು ಸಲ "ಬರ್ತೀನಿ, ಮಾಡ್ತೀನಿ, ನೋಡೋಣ" ಎನ್ನುತ್ತಾರೆ, ಹನ್ನೊಂದನೇ ಸಲ ಫೋನ್ ಎತ್ತುವುದಿಲ್ಲ. ಈ ಪ್ರಕರಣ ನಿಮ್ಮ ಕೈಗೆ ಸಿಕ್ಕಿದ್ದು ನನ್ನ ಅದೃಷ್ಟ. ದುರ್ಗದಬೈಲಿನ ಗಿರ್ಮಿಟ್ಟಿನ ರುಚಿ ಈಗಲೂ ಹಾಗೇ ಇದೆಯೇ?

ಇನ್ನೊಂದು ಸಂಗತಿ. ನಾಗರಬಾವಿಯ ಇನ್ನೊಂದು ವಿಮಾ ಕಂಪನಿಯೂ ನನಗೆ ನೋಟಿಸ್ ಕಳುಹಿಸಿದೆ. ನಿಮ್ಮ ಕಂಪನಿಯ ತೀರ್ಮಾನ ಬರುವವರೆಗೆ ಕಾಯುತ್ತೇವೆ ಎಂದಿದೆ.

ಇತಿ,
ಶಿವಯೋಗಿ


ಹುಬ್ಬಳ್ಳಿ
15 ಜುಲೈ 2025

ಶಿವಯೋಗಿ ಅವರಿಗೆ,

ಸೆಪ್ಟೆಂಬರ್ ತನಕ ಬೆಂಗಳೂರಿನಲ್ಲಿ ಯಾವ ಸರ್ವೇಯರ್ ಕೂಡ ಬಿಡುವಾಗಿಲ್ಲ ಎಂದು ತಿಳಿದುಬಂದಿದೆ. ಚನ್ನವೀರೇಶ್ ಅವರನ್ನೇ ಮತ್ತೆ ಕಳುಹಿಸಲು ನನಗೆ ಮನಸ್ಸಿಲ್ಲ.

ಬೇರೆ ವ್ಯವಸ್ಥೆ ಆಗುತ್ತದೆಯೇ ನೋಡುತ್ತೇನೆ. ಯಾರಾದರೂ ಬಂದರೆ ಎಂದಿನಂತೆ ಕೆಲಸ ಮಾಡಿ. ವಿಶೇಷವಾಗಿ ಏನೂ ಮಾಡುವುದು ಬೇಡ. ನಿಮ್ಮ ಅಂಗಡಿ ಮೂಡಲಪಾಳ್ಯ ಸರ್ಕಲ್ ದಾಟಿ, ಮೊದಲು ರಾಗಿ ಹಿಟ್ಟಿನ ಗಿರಣಿ ಇದ್ದ ಸಾಲಿನಲ್ಲಿ ತಾನೇ?

ಗಿರ್ಮಿಟ್ ಚೆನ್ನಾಗಿದೆ.

ಇತಿ,
ಅನು


ಮೂಡಲಪಾಳ್ಯ
21 ಜುಲೈ 2025

ಅನು ಮೇಡಂ ಅವರಿಗೆ,

ನಿಮ್ಮ ಕಂಪನಿಗೆ ಮೋಸ ಮಾಡುವ ಪ್ರಯತ್ನವೊಂದು ಶನಿವಾರ ನನ್ನ ಅಂಗಡಿಯಲ್ಲಿ ನಡೆದಿದೆ. ವರದಿ ಮಾಡುತ್ತಿರುವವನು ನಾನು, ಸಾಕ್ಷಿ ದಾನಮ್ಮ. ಇಂಥ ಪ್ರಯತ್ನ ಕಂಡುಬಂದರೆ ಅಂಗಡಿಯವರು ಮೂರು ದಿನದೊಳಗೆ ತಿಳಿಸಬೇಕು ಎಂದು ನಿಮ್ಮ ಕರಾರಿನ 14ನೇ ಕಲಮು ಹೇಳುತ್ತದೆ. ಪಟ್ಟಿಯಿಂದ ನನ್ನನ್ನು ತೆಗೆದಿದ್ದರೂ ಕಲಮನ್ನು ನಾನು ತೆಗೆದಿಲ್ಲ.

ಬೆಳಿಗ್ಗೆ ಎಂಟಕ್ಕೆ ಸುಮಾರು ಅರವತ್ತೈದು ವರ್ಷದ ಹಿರಿಯರೊಬ್ಬರು ಬಿಳಿ ಕಾರಿನಲ್ಲಿ ಬಂದರು. ಹೆಸರು ನಂಜುಂಡಪ್ಪ, ಮಾರೇನಹಳ್ಳಿ. ಪಾಲಿಸಿ ನಿಮ್ಮ ಕಂಪನಿಯದೇ. ಅದರ ಸಂಖ್ಯೆಯನ್ನು ಪ್ರತ್ಯೇಕ ಚೀಟಿಯಲ್ಲಿ ಲಗತ್ತಿಸಿದ್ದೇನೆ. ಮೈಸೂರು ರಸ್ತೆಯಲ್ಲಿ ಲಾರಿಯಿಂದ ಕಲ್ಲು ಸಿಡಿದು ಮುಂದಿನ ಗಾಜು ಎಡಗಡೆ ಒಡೆಯಿತು ಎಂದರು. ನಾನು ಭೂತಗನ್ನಡಿ ಹಿಡಿದು ನೋಡಿದೆ. ರಸ್ತೆಯ ಕಲ್ಲು ಓರೆಯಾಗಿ ಬಂದು ತಾಗುತ್ತದೆ, ಅರ್ಧಚಂದ್ರದ ಹಾಗೆ ಚಿಪ್ಪು ಏಳುತ್ತದೆ. ಇದು ನೇರ ಪೆಟ್ಟು. ನಡುವೆ ಸೂಜಿಯ ತೂತಿನಂಥ ಗುಳಿ, ಸುತ್ತ ಬಿಳಿ ಪುಡಿ. ಅದಕ್ಕಿಂತ ಮುಖ್ಯವಾಗಿ, ಗುಳಿಯ ನಾಲ್ಕೂ ಕಡೆ ಸೆಲ್ಲೋಟೇಪಿನ ಅಂಟು ಇತ್ತು. ಬಿರುಕು ಹರಡದಿರಲಿ ಎಂದು ಮೊದಲೇ ಟೇಪು ಹಚ್ಚಿ, ಆಮೇಲೆ ಒಡೆದಿದ್ದಾರೆ.

ನಡೆದ ಮಾತುಕತೆ:

"ಸಾರ್, ಇದು ಕಲ್ಲಲ್ಲ. ಮೊಳೆ."

"ಏನಪ್ಪಾ, ಕಲ್ಲು ಅಂತ ನಾನೇ ಹೇಳ್ತಾ ಇದೀನಲ್ಲ. ನೀನೇನು ಕಲ್ಲಿನ ಲಾಯರ್ರಾ?"

"ಲಾರಿ ಮುಂದೆ ಇತ್ತೋ ಪಕ್ಕದಲ್ಲಿತ್ತೋ?"

"ಮುಂದೆ... ಪಕ್ಕದಲ್ಲಿ ಮುಂದೆ."

"ಟೇಪು ಯಾರು ಹಚ್ಚಿದ್ದು?"

ಅವರು, "ನಮ್ಮನೇವ್ಳು" ಎಂದರು. "ಯಾವಾಗ?" ಎಂದೆ. "ಅದೆಲ್ಲ ನಿಂಗ್ಯಾಕೆ? ನೀನು ಸರಿ ಮಾಡ್ತೀಯೋ ಇಲ್ವೋ? ಚೆನ್ನಾಗಿ ಮಾಡ್ತೀಯ ಅಂತ ಕೇಳ್ಕೊಂಡ್ ಬಂದಿದೀನಿ" ಎಂದರು. ಸ್ವಂತ ಖರ್ಚಿನಲ್ಲಾದರೆ ಈಗಲೇ ಮಾಡುತ್ತೇನೆ, ಕ್ಲೇಮ್ ಎಂದರೆ ಕಲ್ಲು ಎಂದು ನಾನು ಬರೆದುಕೊಡುವುದಿಲ್ಲ ಎಂದೆ. ಅವರಿಗೆ ಕ್ಲೇಮೇ ಬೇಕಿತ್ತು. ಹೋಗುವಾಗ ಕಾರಿನೊಳಗೆ ಕುಳಿತು, ತಲೆ ಎಡಕ್ಕೆ ಬಾಗಿಸಿ, ಪಕ್ಕದಲ್ಲಿ ನಿಂತಿದ್ದ ಬೇರೊಬ್ಬರ ಕಾರಿನ ಗಾಜನ್ನು ಬಹಳ ಹೊತ್ತು ನೋಡಿದರು. ಕಾರಣ ತಿಳಿಯಲಿಲ್ಲ. ಕತ್ತು ನೋವಿರಬಹುದು.

ಇಲ್ಲಿಯ ಹಳೇ ಜಮೀನಿನವರು ಹೀಗೇ ಮೇಡಂ. ಹೊಲ ಲೇಔಟ್ ಆಯಿತು, ನಾಲ್ಕು ಮನೆ ಬಾಡಿಗೆಗಿವೆ, ಆದರೂ ಗಾಜು ಮಾತ್ರ ಕಂಪನಿ ಲೆಕ್ಕದಲ್ಲೇ ಆಗಬೇಕು. ಕಠಿಣ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

ಇತಿ,
ಶಿವಯೋಗಿ


ಹುಬ್ಬಳ್ಳಿ
24 ಜುಲೈ 2025

ಶಿವಯೋಗಿ ಅವರಿಗೆ,

ನಿಮ್ಮ ವರದಿ ತಲುಪಿದೆ. ಒಬ್ಬ ವ್ಯಕ್ತಿಯ ಮೇಲೆ ಆರೋಪ ಮಾಡುವಾಗ ಎಚ್ಚರಿಕೆ ಅಗತ್ಯ. ಆ ಹಿರಿಯರಿಗೆ ನೆನಪಿನ ತೊಂದರೆ ಇರಬಹುದು. ಕಲ್ಲಿನ ಆಕಾರ ಮೊಳೆಯಂತೆ ಇದ್ದಿರಬಹುದು. ಮಾರೇನಹಳ್ಳಿಯವರೆಲ್ಲರ ಬಗ್ಗೆ ಮಾಡಿದ ಟೀಕೆ ವರದಿಗೆ ಅನಗತ್ಯ. ಅವರಿಗೆ ಬಾಡಿಗೆಗಿರುವುದು ನಾಲ್ಕು ಮನೆಯಲ್ಲ, ಎರಡು ಎಂದು ನನ್ನ ಊಹೆ.

ವರದಿಯನ್ನು ಹಿಂಪಡೆಯಲು ನಿಮಗೆ ಏಳು ದಿನದ ಅವಕಾಶವಿದೆ.

ಇತಿ,
ಕನ್ನಡ ಪತ್ರ ವಿಭಾಗ


ಮೂಡಲಪಾಳ್ಯ
28 ಜುಲೈ 2025

ಮಾನ್ಯರೇ,

ವರದಿಯನ್ನು ನಾನು ಹಿಂಪಡೆಯುವುದಿಲ್ಲ. ಅದರ ಪ್ರತಿಯನ್ನು ಶುಕ್ರವಾರವೇ ನಿಮ್ಮ ವಲಯ ವ್ಯವಸ್ಥಾಪಕ ರಾಜೇಂದ್ರ ಅವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೇನೆ. ಅದು ತಲುಪಿದೆ ಎಂದು ಅಂಚೆ ಕಚೇರಿಯ ಸಂದೇಶ ಬಂದಿದೆ.

ನಿಮ್ಮ ಹಿಂದಿನ ಪತ್ರದಲ್ಲಿ ಹೆಸರಿರಲಿಲ್ಲ. ಹೆಸರಿದ್ದವರು ವಿಭಾಗವಾಗಿಬಿಟ್ಟರೆ ಏನೋ ಇದೆ ಎಂದರ್ಥ. ನಮ್ಮ ಕಡೆಯವರೇ ಕಳ್ಳನ ಪರ ನಿಂತರಲ್ಲ ಎಂದು ನನಗೆ ಬೇಸರವಾಗಿದೆ. ಅಷ್ಟು ದೂರದಿಂದ ಬಾಡಿಗೆ ಮನೆಗಳನ್ನು ಎಣಿಸಿದ್ದು ಹೇಗೆ ಎಂಬುದೂ ತಿಳಿಯಲಿಲ್ಲ.

ನಿನ್ನೆ ಆ ನಂಜುಂಡಪ್ಪ ಮತ್ತೆ ಬಂದಿದ್ದರು. ಕೈಯಲ್ಲಿ ಹಿತ್ತಲಿನ ಸೀಬೆಹಣ್ಣಿನ ಚೀಲ. ದಾನಮ್ಮನ ಕಡೆ ತಿರುಗಿ, "ನೋಡಮ್ಮಾ, ನಿನ್ ಗಂಡಂಗೆ ಸ್ವಲ್ಪ ಹೇಳು. ನನ್ ಮಗಳು ಮೂರು ದಿನದಿಂದ ಮಾತು ಬಿಟ್ಟಿದಾಳೆ. ಫೋನ್ ಮಾಡಿದ್ರೆ 'ಅಪ್ಪಾ, ನಾನ್ ಹೇಳಿದ್ದೇನು, ನೀನ್ ಮಾಡಿದ್ದೇನು' ಅಂತಾಳೆ, ಇಡ್ತಾಳೆ" ಎಂದರು.

ದಾನಮ್ಮ, "ಹಣ್ಣು ಇಲ್ಲೇ ಇಡ್ರಿ ಅಜ್ಜಾರ. ಕಂಪ್ಲೇಂಟ್ ಮಾತ್ರ ಇರತೈತಿ" ಎಂದಳು.

ಮಗಳಿಗೆ ಬುದ್ಧಿ ಇದೆ ಎನಿಸಿತು. ಹಣ್ಣು ಸಿಹಿಯಾಗಿತ್ತು. ಇದನ್ನೂ ದಾಖಲಿಸುತ್ತಿದ್ದೇನೆ, ಲಂಚ ಎಂದು ನಾಳೆ ಯಾರೂ ಹೇಳಬಾರದು.

ಇತಿ,
ಶಿವಯೋಗಿ


ಹುಬ್ಬಳ್ಳಿ
1 ಆಗಸ್ಟ್ 2025

ಶಿವಯೋಗಿ ಅವರಿಗೆ,

ನಂಜುಂಡಪ್ಪ ನನ್ನ ತಂದೆ. ಇದನ್ನು ನಾನು ಮೊದಲೇ ತಿಳಿಸಬೇಕಿತ್ತು. ನಿನ್ನೆ ರಾಜೇಂದ್ರ ಸಾರ್‌ಗೆ ತಿಳಿಸಿದ್ದೇನೆ, ಇವತ್ತು ನಿಮಗೆ.

ನಾನು ಹುಬ್ಬಳ್ಳಿಯವಳಲ್ಲ. ಹುಟ್ಟಿದ್ದು ಮಾರೇನಹಳ್ಳಿಯಲ್ಲಿ. ವರ್ಗವಾಗಿ ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಾಯಿತು. ನೀವು ನಮ್ಮ ಕಡೆಯವರು ಎಂದು ಬರೆದಾಗ ತಿದ್ದಬಹುದಿತ್ತು. ಅದುವರೆಗೆ ಈ ಊರಿನಲ್ಲಿ ಯಾರೂ ನನಗೆ ಹಾಗೆ ಅಂದಿರಲಿಲ್ಲ. ಸುಮ್ಮನಿದ್ದೆ.

ಸರ್ವೇಯರ್ ಯಾರೂ ಇಲ್ಲ ಎಂದಾಗ ನಾನು ಅಪ್ಪನಿಗೆ ಫೋನ್ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಹೋಗಿ, ಅಲ್ಲಿ ಸರಿ ಮಾಡಿದ ಯಾವುದಾದರೂ ಕಾರಿನ ಗಾಜನ್ನು ಓರೆ ಬಿಸಿಲಲ್ಲಿ ನೋಡಿ, ಕಂಡದ್ದನ್ನು ನನಗೆ ಹೇಳಬೇಕು ಎಂದಿದ್ದೆ. ಅಷ್ಟೇ. ಅವರನ್ನು ಪುರಾವೆ ಎಂದು ಕಡತಕ್ಕೆ ಸೇರಿಸುವ ಉದ್ದೇಶ ಇರಲಿಲ್ಲ, ನನಗೆ ಒಂದು ಧೈರ್ಯ ಬೇಕಿತ್ತು. ಆದರೆ ಅಪ್ಪನ ಪ್ರಕಾರ ಕೆಲಸವಿಲ್ಲದೆ ಅಂಗಡಿಗೆ ಹೋಗಿ ನಿಲ್ಲುವುದು ಮರ್ಯಾದೆಯಲ್ಲ. "ಸುಮ್ನೆ ಹೋಗಿ ಅವರಿವರ ಕಾರು ಇಣುಕಿ ನೋಡಿದ್ರೆ ಕಳ್ಳ ಅಂತಾರೆ ಕಣೇ" ಎಂದು ಆಮೇಲೆ ಹೇಳಿದರು. ಹಾಗಾಗಿ ಹಿಂದಿನ ದಿನ ಸಂಜೆ ಕಾರಿಗೆ ದುಪ್ಪಟಿ ಹೊದಿಸಿ, ಟೇಪು ಹಚ್ಚಿ, ಬಾಗಿಲ ತೋರಣ ಕಟ್ಟುವ ಮೊಳೆಯಿಂದ ಒಂದು ಪೆಟ್ಟು ಹಾಕಿದ್ದಾರೆ. ಟೇಪು ಹಚ್ಚಿದ್ದು ಅಮ್ಮನೇ. ಆ ಮಟ್ಟಿಗೆ ಅಪ್ಪ ನಿಮ್ಮ ಹತ್ತಿರ ನಿಜವನ್ನೇ ಹೇಳಿದ್ದಾರೆ. ಕ್ಲೇಮ್ ಬೇಕು ಎಂದು ಹಟ ಹಿಡಿದದ್ದು, ಅದೂ ಪರೀಕ್ಷೆಯ ಭಾಗ ಎಂದು ಅವರೇ ಅಂದುಕೊಂಡು.

ರಾಜೇಂದ್ರ ಸಾರ್ ಎರಡು ಮಾತು ಹೇಳಿದರು. ಮೊದಲನೆಯದು, ಇಡೀ ರಾಜ್ಯದಲ್ಲಿ ಅಂಗಡಿಯವರೇ 14ನೇ ಕಲಮಿನಡಿ ಕೊಟ್ಟ ಮೊದಲ ವರದಿ ನಿಮ್ಮದು. ಅಂಥ ಕಲಮು ಇರುವುದು ಅವರಿಗೂ ಗೊತ್ತಿರಲಿಲ್ಲ. ಎರಡನೆಯದು, ಸ್ವತಂತ್ರ ಪುರಾವೆ ಸಿಕ್ಕಿದೆ. ಒಡೆದ ಗಾಜು ಇದೆ, ಒಡೆದವರು ಇದ್ದಾರೆ, ಒಡೆದದ್ದು ಹೇಗೆಂಬ ವರದಿ ಇದೆ. ಆಗಸ್ಟ್ 14, ಗುರುವಾರ, ಬೆಳಿಗ್ಗೆ ಏಳೂವರೆಗೆ ಅವರು ಚನ್ನವೀರೇಶ್ ಜೊತೆ ನಿಮ್ಮ ಅಂಗಡಿಗೆ ಬರುತ್ತಾರೆ. ಅದೇ ಗಾಜನ್ನು ಅವರ ಕಣ್ಣೆದುರು ಸರಿ ಮಾಡಬೇಕು. ಅದರ ಮೇಲೆ ನಿಮ್ಮ ಅಂಗಡಿಯ ಬಗ್ಗೆ ತೀರ್ಮಾನ. ನಾನು ಬರುವಂತಿಲ್ಲ.

ಬಿರುಕಿಗೆ ನೀರು ಹೋಗಬಾರದೆಂದು ಅಲ್ಲಿಯವರೆಗೆ ಕಾರು ತೊಳೆಯಬೇಡಿ ಎಂದು ಅಪ್ಪನಿಗೆ ಹೇಳಿದ್ದೇನೆ. ಎಂಟನೇ ತಾರೀಖು ವರಮಹಾಲಕ್ಷ್ಮಿ ಹಬ್ಬ. ಬಾಗಿಲಲ್ಲಿ ಕೊಳಕು ಕಾರು ನಿಲ್ಲಿಸಿಕೊಂಡು ಹಬ್ಬ ಮಾಡಬೇಕಾ ಎಂದು ಅಮ್ಮ ಈಗ ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟಿದ್ದಾರೆ.

ಇತಿ,
ಅನು


ಮೂಡಲಪಾಳ್ಯ
5 ಆಗಸ್ಟ್ 2025

ಅನು ಮೇಡಂ ಅವರಿಗೆ,

ನಿಮ್ಮ ತಂದೆಯವರ ಕಾರಿಗೆ ಇವತ್ತು ನಾನೇ ಮಾರೇನಹಳ್ಳಿಗೆ ಹೋಗಿ ಒಳ್ಳೆಯ ಟೇಪು ಹಚ್ಚಿ ಬಂದಿದ್ದೇನೆ. ಈಗ ಕಾರನ್ನು ತೊಳೆಯಬಹುದು ಎಂದು ನಿಮ್ಮ ತಾಯಿ ಮುನಿತಾಯಮ್ಮ ಅವರಿಗೆ ತಿಳಿಸಿದೆ. ಅವರು ಮಾತು ಶುರು ಮಾಡಿದ್ದಾರೆ. ನನ್ನ ಜೊತೆ ಶುರು ಮಾಡಿ ಒಂದು ಗಂಟೆ ನಿಲ್ಲಿಸಲಿಲ್ಲ.

ಬಾಡಿಗೆ ಮನೆ ಎರಡೇ. ಖುದ್ದಾಗಿ ನೋಡಿದೆ. ನಾಲ್ಕು ಎಂದು ಬರೆದದ್ದು ತಪ್ಪು. ಮಾರೇನಹಳ್ಳಿಯವರ ಬಗ್ಗೆ ಬರೆದ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಮೊಳೆಯ ವಿಷಯವನ್ನು ಹಿಂದಕ್ಕೆ ಪಡೆಯುವುದಿಲ್ಲ, ಅದು ಮೊಳೆಯೇ. ನಿಮ್ಮ ತಂದೆಯವರು ಅದನ್ನು ತೋರಿಸಿದರು.

ನೀವು ಸತ್ಯ ಹೇಳಿದ್ದರಿಂದ ನಿಮ್ಮ ಕೆಲಸಕ್ಕೆ ಏನಾಗುತ್ತದೆ ಎಂದು ನೀವು ಬರೆದಿಲ್ಲ.

ನಮ್ಮ ಕಡೆಯವರು ಎಂದು ಬರೆದದ್ದನ್ನೂ ಹಿಂದಕ್ಕೆ ಪಡೆಯಬೇಕೇ ಎಂದು ದಾನಮ್ಮನನ್ನು ಕೇಳಿದೆ. "ಅದನ್ಯಾಕ ತಗೀತೀರಿ? ಇರ್ಲಿ ಬಿಡ್ರಿ" ಎಂದಳು.

ಇತಿ,
ಶಿವಯೋಗಿ


ಮೂಡಲಪಾಳ್ಯ
14 ಆಗಸ್ಟ್ 2025

ಅನು ಮೇಡಂ ಅವರಿಗೆ,

ತಾವೇ ಒಡೆದ ಜಾಗವನ್ನು ತೋರಿಸಲು ನಿಮ್ಮ ತಂದೆಯವರಿಗೆ ಆಗಲಿಲ್ಲ. ನೀವು ಬರುವಂತಿರಲಿಲ್ಲವಾದ್ದರಿಂದ ವರದಿ ಮಾಡುತ್ತಿದ್ದೇನೆ.

ರಾಜೇಂದ್ರ ಸಾಹೇಬರು ಏಳೂವರೆಗೆ ಸರಿಯಾಗಿ ಬಂದರು. ಚನ್ನವೀರೇಶ್ ಬಂದದ್ದು ಏಳು ನಲವತ್ತಕ್ಕೆ, ಕನ್ನಡಕ ಹಾಕಿಕೊಂಡೇ. ದಾನಮ್ಮ, "ಸಾಹೇಬ್ರ, ಕಣ್ಣಿಗೇನ್ರ ಆಗೇತೇನ್ರೀ?" ಎಂದು ಕೇಳಿದ ಮೇಲೆ ತೆಗೆದು ಜೇಬಿಗಿಟ್ಟರು. ಮೊದಲ ಫೋಟೋ ತೆಗೆದಾಯಿತು. ನಾನು ನೆರಳಿನಲ್ಲಿ ಕೆಲಸ ಶುರು ಮಾಡಿದೆ. ಇದು ತಪ್ಪಿದರೆ ಬೋರ್ಡು ಇಳಿಸುವುದೇ ಎಂದು ಗೊತ್ತಿತ್ತು. ಪುಡಿ ತೆಗೆಯುವುದಕ್ಕೇ ಎಂಟು ನಿಮಿಷ ಹಿಡಿಯಿತು. ಮೊಳೆಯ ಪೆಟ್ಟು ಕಲ್ಲಿನ ಪೆಟ್ಟಿಗಿಂತ ಕಷ್ಟ. ನಿಮ್ಮ ತಂದೆ ಪಕ್ಕದಲ್ಲೇ ನಿಂತು, "ಇನ್ನೂ ಸ್ವಲ್ಪ ಮೆಲ್ಲಗೆ ಹೊಡೀಬೋದಿತ್ತು ನಾನು" ಎಂದು ಎರಡು ಸಲ ಹೇಳಿದರು. ಎಂಟು ಇಪ್ಪತ್ತೈದಕ್ಕೆ ಮುಗಿಯಿತು. ಉಜ್ಜಿ ಒರೆಸಿ ಹಿಂದೆ ಸರಿದೆ. ಕಾರನ್ನು ಬಿಸಿಲಿಗೆ ತಂದರು.

ಆಗ ರಾಜೇಂದ್ರ ಸಾಹೇಬರು ಮೊದಲಿನ ಫೋಟೋ ನೋಡಬಾರದು ಎಂದು ಹೇಳಿ, ಎಲ್ಲರಿಗೂ ಬೇರೆ ಬೇರೆ ಬಣ್ಣದ ಮಾರ್ಕರ್ ಕೊಟ್ಟು, ಒಡೆದಿದ್ದ ಜಾಗಕ್ಕೆ ಸುತ್ತು ಹಾಕಲು ತಿಳಿಸಿದರು. ಚನ್ನವೀರೇಶ್ ಕೆಂಪು ಸುತ್ತು ಹಾಕಿದರು. ಸಾಹೇಬರು ನೀಲಿ ಹಾಕಿದರು. ನಿಮ್ಮ ತಂದೆ ಇಬ್ಬರನ್ನೂ ನೋಡಿ ನಕ್ಕು, "ನಾನ್ ಒಡೆದಿದ್ದು ನಂಗೊತ್ತಿಲ್ವಾ?" ಎನ್ನುತ್ತಾ ಮುಂದೆ ಬಂದರು. ಗಾಜಿನ ಹತ್ತಿರ ಬೆರಳು ತಂದು ನಿಲ್ಲಿಸಿದರು. ಬೆರಳು ಸ್ವಲ್ಪ ಬಲಕ್ಕೆ ಹೋಯಿತು, ಸ್ವಲ್ಪ ಕೆಳಕ್ಕೆ ಬಂತು. ಒಳಗೆ ಕುಳಿತು ತಲೆ ಬಾಗಿಸಿ ನೋಡಿದರು. ಹೊರಗೆ ಬಂದರು. "ಕಾರು ಇದೇನಾ?" ಎಂದು ಕೇಳಿದರು. ಕೊನೆಗೆ ಹಸಿರು ಸುತ್ತು ಹಾಕಿದರು. ಮೂರು ಸುತ್ತೂ ಮೂರು ಕಡೆ. ಯಾವುದೂ ಸರಿಯಿರಲಿಲ್ಲ. ನಿಮ್ಮ ತಂದೆಯವರದು ಆರು ಇಂಚು ದೂರ.

ನಂತರ ದಾನಮ್ಮ ಟಾರ್ಚನ್ನು ಓರೆಯಾಗಿ ಹಿಡಿದಳು. ನಾನು ಜಾಗಕ್ಕೆ ಬೆರಳಿಟ್ಟೆ. ಸಾಹೇಬರು ಮೊದಲಿನ ಫೋಟೋ ಎದುರಿಗಿಟ್ಟುಕೊಂಡು ಅಳತೆ ಪಟ್ಟಿಯಿಂದ ಅಳೆದರು. ಅಳತೆ ಸರಿಯಾಯಿತು. ಸಾಹೇಬರಿಗೆ ಆ ಮೀನಿನ ಪೊರೆ ಕಂಡಿತು. "ಇದಾ?" ಎಂದರು. "ಇದೇ ಸಾರ್" ಎಂದೆ.

ಅವರು ಎರಡನೇ ಫೋಟೋ ತೆಗೆದು ನಿಮ್ಮ ಕಂಪ್ಯೂಟರಿಗೆ ಕಳುಹಿಸಿದರು. ಮಾರ್ಕರ್ ಸುತ್ತುಗಳನ್ನು ಒರೆಸಲು ಮರೆತಿದ್ದರು. ಒಂದು ನಿಮಿಷದಲ್ಲಿ ಉತ್ತರ ಬಂತು: "ಮೂರು ದೊಡ್ಡ ಹಾನಿಗಳು. ಇಡೀ ಗಾಜು ಬದಲಿಸಲು ಶಿಫಾರಸು." ಸಾಹೇಬರು ಅದನ್ನು ಓದಿ ಮೊಬೈಲನ್ನು ಜೇಬಿಗಿಟ್ಟುಕೊಂಡರು. ಆಮೇಲೆ, "ಕಾಫಿ ಸಿಗುತ್ತಾ ಇಲ್ಲಿ?" ಎಂದರು.

ತೀರ್ಮಾನ ಹೇಳದೆ ಹೋದರು. ನಿಮ್ಮ ತಂದೆಯವರು ಮಾತ್ರ ಹತ್ತು ಗಂಟೆಯವರೆಗೆ ಕಾರಿನೊಳಗೆ ಕುಳಿತು ಹುಡುಕಿದರು. ಸಿಕ್ಕಲಿಲ್ಲ.

ಇತಿ,
ಶಿವಯೋಗಿ


ಹುಬ್ಬಳ್ಳಿ
22 ಆಗಸ್ಟ್ 2025

ಶಿವಯೋಗಿ ಅವರಿಗೆ,

ನಿಮ್ಮ ಅಂಗಡಿಯ ಹೆಸರನ್ನು ಸೆಪ್ಟೆಂಬರ್ 1, ಸೋಮವಾರದಿಂದ ಪಟ್ಟಿಗೆ ಮರಳಿ ಸೇರಿಸಲು ಆದೇಶವಾಗಿದೆ. ಆದೇಶಕ್ಕೆ ರಾಜೇಂದ್ರ ಸಾರ್ ಸಹಿ ಹಾಕಿದ್ದಾರೆ. ಪ್ರತಿ ಲಗತ್ತಿಸಿದೆ. ಕಾರಣದ ಜಾಗದಲ್ಲಿ ಅವರು ಒಂದೇ ಸಾಲು ಬರೆದಿದ್ದಾರೆ: "ಹಾನಿ ಮಾಡಿದವರಿಗೇ ಹಾನಿ ಪತ್ತೆಯಾಗಿಲ್ಲ." ಹಿಂದಿನ 19 ಅನುಮಾನಗಳನ್ನೂ ಮೂರು ಕಳಪೆಗಳನ್ನೂ ಕಡತದಿಂದ ತೆಗೆಯಲಾಗಿದೆ. ನಾಗರಬಾವಿಯ ಕಂಪನಿಗೂ ಪ್ರತಿ ಹೋಗಿದೆ.

ಚನ್ನವೀರೇಶ್ ಅವರು ಪತ್ರ ವಿಭಾಗಕ್ಕೆ ವರ್ಗವಾಗಿ ಬರುತ್ತಿದ್ದಾರೆ. ಈ ವಿಭಾಗದಲ್ಲಿ ಬಿಸಿಲು ಬೀಳುವುದಿಲ್ಲ ಎಂದು ತಿಳಿಸಿದ್ದೇನೆ.

ಅಪ್ಪನ ಪಾಲಿಸಿಗೆ ಎಚ್ಚರಿಕೆಯ ಷರಾ ಬಿದ್ದಿದೆ. ಅದರ ಪ್ರತಿಯನ್ನು ಅವರು ನಡುಮನೆಯಲ್ಲಿ ಇಟ್ಟುಕೊಂಡಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರೆ, ಆಮೇಲೆ ಕಾರಿನ ಹತ್ತಿರ ಕರೆದುಕೊಂಡು ಹೋಗಿ "ಎಲ್ಲಿ, ತೋರಿಸಿ ನೋಡೋಣ" ಎನ್ನುತ್ತಾರೆ ಎಂದು ಅಮ್ಮ ಹೇಳಿದರು.

ನನ್ನ ಕೆಲಸದ ಬಗ್ಗೆ ನೀವು ಕೇಳಿದ್ದಿರಿ. ಸಂಬಂಧಿಕರನ್ನು ಕಚೇರಿ ಕೆಲಸಕ್ಕೆ ಬಳಸಿದ್ದಕ್ಕೆ, ಅದನ್ನು ಹನ್ನೆರಡು ದಿನ ಮುಚ್ಚಿಟ್ಟಿದ್ದಕ್ಕೆ, ವರದಿ ಹಿಂಪಡೆಯುವಂತೆ ನಿಮಗೆ ಬರೆದಿದ್ದಕ್ಕೆ ನನಗೆ ನೋಟಿಸ್ ಕೊಟ್ಟಿದ್ದಾರೆ. ಮೂರೂ ನಿಜ, ಹಾಗೆಂದೇ ಉತ್ತರ ಕೊಟ್ಟಿದ್ದೇನೆ. ನನ್ನ ಪರವಾಗಿ ಹೇಳುವವರು ಯಾರಾದರೂ ಇದ್ದರೆ ಹೆಸರು ಕೊಡಿ ಎಂದು ನಮೂನೆಯಲ್ಲಿ ಕೇಳಿದ್ದರು. ಇದ್ದುದನ್ನು ಇದ್ದ ಹಾಗೆ ಹೇಳುವ ಒಬ್ಬರು ಸಾಕು ಎನಿಸಿತು. ನಿಮ್ಮನ್ನು ಕೇಳದೆ ನಿಮ್ಮ ಹೆಸರು ಬರೆದಿದ್ದೇನೆ. ನನ್ನ ವಿರುದ್ಧದ ಸಾಕ್ಷಿಗಳ ಪಟ್ಟಿಯಲ್ಲಿಯೂ ಕಚೇರಿಯವರು ನಿಮ್ಮ ಹೆಸರನ್ನೇ ಬರೆದಿದ್ದಾರೆ. ಒಂದೇ ಸಲ ಬಂದರೆ ಎರಡೂ ಮುಗಿಯುತ್ತವೆ.

ವಿಚಾರಣೆ ಸೆಪ್ಟೆಂಬರ್ 3, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ, ಹುಬ್ಬಳ್ಳಿ ಕಚೇರಿ, ಎರಡನೇ ಮಹಡಿ.

ಇತಿ,
ಅನು